ದಕ್ಷಿಣ ಏಷ್ಯಾದ ಪ್ರಾದೇಶಿಕ ಆರ್ಥಿಕ ಸಹಕಾರ

ದಕ್ಷಿಣ ಏಷ್ಯಾದ ಪ್ರಾದೇಶಿಕ ಆರ್ಥಿಕ ಸಹಕಾರವೆಂದರೆ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ, ಮಾಲ್ಡೀವ್ಸ್ ಮತ್ತು ಆಫ್ಘಾನಿಸ್ತಾನಗಳು ತಮ್ಮ ಜನರ ಬಡತನವನ್ನು ತಗ್ಗಿಸಿ, ಆರ್ಥಿಕ ಬೆಳವಣಿಗೆಯ ಫಲವನ್ನು ಸಮಾಜದ ಎಲ್ಲ ವರ್ಗಗಳಿಗೂ ತಲಪಿಸುವ ಉದ್ದೇಶದಿಂದ, ವ್ಯಾಪಾರ, ಸಾರಿಗೆ, ವಿದ್ಯುತ್ತು, ಹಣಕಾಸು, ಆಹಾರಭದ್ರತೆ ಮೊದಲಾದ ಕ್ಷೇತ್ರಗಳಲ್ಲಿ ಪರಸ್ಪರ ಒಪ್ಪಂದಗಳ ಮೂಲಕ ಕೈಗೊಂಡಿರುವ ಕಾರ್ಯಗಳ ಸಮುಚ್ಚಯ. ಇವುಗಳಲ್ಲಿ ಕೆಲವು ಎಂಟೂ ರಾಷ್ಟ್ರಗಳಿಗೆ ಸಂಬಂಧಿಸಿದವು. ಕೆಲವು ಎರಡು, ಮೂರು ಅಥವಾ ನಾಲ್ಕು ನೆರೆರಾಷ್ಟ್ರಗಳಿಗೆ ಮಾತ್ರ ಸೀಮಿತವಾದವು. ಮೊದಲನೆಯ ಬಗೆಯವು ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘಟನೆಯ, ಎಂದರೆ ಸಾರ್ಕ್ ಸಂಸ್ಥೆಯ, ಆಶ್ರಯದಲ್ಲಿ ನಡೆಯುತ್ತವೆ.

ಎಲ್ಲರನ್ನೂ ಒಳಗೊಂಡ ಬೆಳವಣಿಗೆ ಎಂಬುದಕ್ಕೆ ಈ ಸಂದರ್ಭದಲ್ಲಿ ಎರಡು ಮುಖಗಳುಂಟು. ಚಿಕ್ಕ ರಾಷ್ಟ್ರಗಳೂ ಬಡ ರಾಷ್ಟ್ರಗಳೂ ಸಮುದ್ರತೀರವಿಲ್ಲದ ರಾಷ್ಟ್ರಗಳೂ ದೊಡ್ಡ ನೆರೆಯವರೊಡನೆ ಸಮಾನ ಪ್ರಯೋಜನವನ್ನು ಪಡೆಯುವುದು ಒಂದು ಮುಖ. ಒಂದೇ ರಾಷ್ಟ್ರದೊಳಗೆ ಗಡಿನಾಡಿನ ರೈತ, ಮನೆಯಲ್ಲೇ ಕುಳಿತು ದುಡಿಯುವ ಹೆಂಗಸು, ತೋಟದ ಬೆಳೆಗಾರ, ಸಾಮಾನು ಹೊರುವ ಕೂಲಿ ಇವರೆಲ್ಲರೂ ಆ ಪ್ರಯೋಜನದಲ್ಲಿ ಪಾಲುಗಾರರಾಗುವುದು ಇನ್ನೊಂದು ಮುಖ. ಸಂಧಿಪತ್ರಗಳಲ್ಲಿ ಮೊದಲನೆಯದಕ್ಕೆ ವಿವರವಾದ ವಿಧಿಗಳಿವೆ. ಎರಡನೆಯದು ಬಹುಮಟ್ಟಿಗೆ ಆಯಾ ರಾಷ್ಟ್ರದ ಸರ್ಕಾರಕ್ಕೇ ಬಿಟ್ಟ ವಿಷಯವಾಗಿದೆ.

ಉಗಮ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಭೂಭಾಗದ ಬಹುಪಾಲು ಒಂದೇ ಮಾರುಕಟ್ಟೆಯಾಗಿತ್ತು. ಪೂರ್ವ ಬಂಗಾಳದ ಸೆಣಬು ಹೂಗ್ಲಿ ನದಿಯ ದಡದ ಗಿರಣಿಗಳನ್ನು ಸೇರುತ್ತಿತ್ತು. ಅಸ್ಸಾಮಿನ ಚಹಾ ಚಿತ್ತಗಾಂಗ್ ಬಂದರಿನ ಮೂಲಕ ಹೊರದೇಶಗಳಿಗೆ ಹೋಗುತ್ತಿತ್ತು. 1947ರ ವಿಭಜನೆಯಿಂದ ಸೆಣಬಿನ ಗದ್ದೆಗಳು ಒಂದು ದೇಶಕ್ಕೂ ಗಿರಣಿಗಳು ಮತ್ತೊಂದು ದೇಶಕ್ಕೂ ಸೇರಿದವು. 1949ರಲ್ಲಿ ಭಾರತ ತನ್ನ ರೂಪಾಯಿಯ ಮೌಲ್ಯವನ್ನು ಇಳಿಸಿದಾಗ ಪಾಕಿಸ್ತಾನ ಅದನ್ನು ಅನುಸರಿಸಲಿಲ್ಲವಾಗಿ, ಎರಡು ದೇಶಗಳ ನಡುವಣ ವಾಣಿಜ್ಯ ಹಠಾತ್ತನೆ ಸ್ತಬ್ಧವಾಯಿತು. ಅಷ್ಟಾದರೂ ರೈಲುಮಾರ್ಗಗಳೂ ಜಲಮಾರ್ಗಗಳೂ ಹಲವು ಕಡೆ ಉಳಿದುಕೊಂಡಿದ್ದವು. ಅವುಗಳನ್ನು ಕಡಿದುಹಾಕಿದ್ದು 1965ರ ಯುದ್ಧ. ಉತ್ತರ ಬಂಗಾಳದ ಹಲ್ದಿಬಾರಿಗೂ ಗಡಿಯಾಚೆಯ ಚಿಲಾಹಾಟಿಗೂ ಇದ್ದ ರೈಲುಸಂಪರ್ಕ ಆ ವರ್ಷ ನಿಂತದ್ದು ಮತ್ತೆ ಆರಂಭವಾದುದು 2020ರ ಡಿಸೆಂಬರಿನಲ್ಲಿ. ಆದಕಾರಣ, ಈ ಪ್ರದೇಶದಲ್ಲಿ ಸಹಕಾರವೆಂಬುದು ಹೊಸದಾಗಿ ಕಟ್ಟಿದ ಸಂಬಂಧವೆಂಬುದಕ್ಕಿಂತ, ಹಿಂದೆ ಇದ್ದು ಕಡಿದುಹೋದ ದಾರಿಗಳ ಪುನಃಸ್ಥಾಪನೆ ಎಂಬುದು ವಾಸ್ತವಕ್ಕೆ ಹೆಚ್ಚು ಸಮೀಪವಾದುದು.

ಸಹಕಾರಕ್ಕೊಂದು ಶಾಶ್ವತ ಸಂಸ್ಥೆ ಬೇಕೆಂಬ ಸ್ಪಷ್ಟ ಸೂಚನೆಯನ್ನು ಮಾಡಿದವರು ಬಾಂಗ್ಲಾದೇಶದ ಅಂದಿನ ಅಧ್ಯಕ್ಷ ಜಿಯಾವುರ್ ರಹಮಾನ್. ಅವರು 1980ರ ಮೇ ತಿಂಗಳಿನಲ್ಲಿ ನೆರೆಯ ಆರು ರಾಷ್ಟ್ರಗಳ ನಾಯಕರಿಗೆ ಈ ವಿಷಯವಾಗಿ ಪತ್ರ ಬರೆದರು. ಏಳು ರಾಷ್ಟ್ರಗಳ ವಿದೇಶಾಂಗ ಕಾರ್ಯದರ್ಶಿಗಳು 1981ರ ಏಪ್ರಿಲಿನಲ್ಲಿ ಕೊಲಂಬೋ ನಗರದಲ್ಲಿ ಮೊದಲ ಬಾರಿಗೆ ಸೇರಿದರು; ಅದಾದ ಮರು ತಿಂಗಳೇ ಜಿಯಾವುರ್ ರಹಮಾನರ ಹತ್ಯೆಯಾದರೂ ಅವರು ಆರಂಭಿಸಿದ ಕಾರ್ಯ ನಿಲ್ಲಲಿಲ್ಲ. 1983ರಲ್ಲಿ ವಿದೇಶಾಂಗ ಸಚಿವರು ದೆಹಲಿಯಲ್ಲಿ ಸೇರಿ ಸಮಗ್ರ ಕಾರ್ಯಕ್ರಮವೊಂದನ್ನು ಒಪ್ಪಿಕೊಂಡರು. 1985ರ ಡಿಸೆಂಬರ್ 8ರಂದು ಢಾಕಾ ನಗರದಲ್ಲಿ ಏಳು ರಾಷ್ಟ್ರಗಳ ಮುಖ್ಯಸ್ಥರು ಸನ್ನದಿಗೆ ಸಹಿ ಹಾಕುವುದರೊಡನೆ ಸಾರ್ಕ್ ಜನ್ಮತಾಳಿತು. ಆಫ್ಘಾನಿಸ್ತಾನ ಎಂಟನೆಯ ಸದಸ್ಯನಾಗಿ 2007ರಲ್ಲಿ ಸೇರಿತು.

ಎರಡನೆಯ ಶೃಂಗಸಭೆ 1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ನಡೆಯಿತು. ಸಂಸ್ಥೆಗೆ ಕಾಠ್ಮಂಡುವಿನಲ್ಲಿ ಒಂದು ಸಚಿವಾಲಯವಿರಬೇಕೆಂಬ ತಿಳಿವಳಿಕೆಪತ್ರಕ್ಕೆ ವಿದೇಶಾಂಗ ಸಚಿವರು ಸಹಿ ಹಾಕಿದ್ದು ಇಲ್ಲಿಯೇ. ವಿದ್ಯಾರ್ಥಿವೇತನ, ಯುವ ಸ್ವಯಂಸೇವಕರ ವಿನಿಮಯ, ಪ್ರವಾಸೋದ್ಯಮ, ರೇಡಿಯೋ ಮತ್ತು ದೂರದರ್ಶನ ಕಾರ್ಯಕ್ರಮಗಳ ವಿನಿಮಯ, ದಾಖಲೆಗಳ ಕೇಂದ್ರ ಎಂಬ, ಜನಸಂಪರ್ಕವನ್ನೇ ಗುರಿಯಾಗಿಟ್ಟ ಯೋಜನೆಗಳಿಗೂ ಈ ಸಭೆಯಲ್ಲೇ ಅಂಕುರಾರ್ಪಣೆಯಾಯಿತು. ಸಚಿವಾಲಯ 1987ರ ಜನವರಿಯಲ್ಲಿ ಕಾಠ್ಮಂಡುವಿನಲ್ಲಿ ಕಾರ್ಯಾರಂಭ ಮಾಡಿತು. ಬಾಂಗ್ಲಾದೇಶದ ಅಬುಲ್ ಅಹ್ಸಾನ್ ಅದರ ಮೊದಲ ಮಹಾಕಾರ್ಯದರ್ಶಿಯಾದರು.

ಸಂಸ್ಥಾರಚನೆ

ಸಾರ್ಕಿನ ಪರಮಾಧಿಕಾರ ರಾಷ್ಟ್ರಮುಖ್ಯಸ್ಥರ ಶೃಂಗಸಭೆಯಲ್ಲಿದೆ. ಅದರ ಕೆಳಗೆ ವಿದೇಶಾಂಗ ಸಚಿವರ ಮಂಡಲಿಯೂ, ಕಾರ್ಯದರ್ಶಿಗಳ ಸ್ಥಾಯೀ ಸಮಿತಿಯೂ, ಕೃಷಿ, ಆರೋಗ್ಯ, ಪರಿಸರ ಮೊದಲಾದ ವಿಷಯಗಳಿಗೆ ತಾಂತ್ರಿಕ ಸಮಿತಿಗಳೂ ಇವೆ. ಕೃಷಿ ಕೇಂದ್ರ ಢಾಕಾದಲ್ಲಿ, ಕ್ಷಯರೋಗ ನಿವಾರಣ ಕೇಂದ್ರ ನೇಪಾಳದಲ್ಲಿ, ಸಾಂಸ್ಕೃತಿಕ ಕೇಂದ್ರ ಕೊಲಂಬೋದಲ್ಲಿ, ಇಂಧನ ಕೇಂದ್ರ ಇಸ್ಲಾಮಾಬಾದಿನಲ್ಲಿ ನೆಲೆಗೊಂಡಿವೆ. ಸದಸ್ಯರಾಷ್ಟ್ರಗಳ ವಿದ್ಯಾರ್ಥಿಗಳಿಗಾಗಿ ಸ್ಥಾಪಿತವಾದ ದಕ್ಷಿಣ ಏಷ್ಯಾ ವಿಶ್ವವಿದ್ಯಾನಿಲಯ 2010ರಿಂದ ದೆಹಲಿಯಲ್ಲಿ ನಡೆಯುತ್ತಿದೆ.

ಸನ್ನದಿನ ಹತ್ತನೆಯ ವಿಧಿ ಈ ಸಂಸ್ಥೆಯ ಸ್ವಭಾವವನ್ನೆಲ್ಲ ನಿರ್ಧರಿಸಿದೆ. ಎಲ್ಲ ಹಂತಗಳಲ್ಲಿಯೂ ನಿರ್ಣಯಗಳು ಸರ್ವಾನುಮತದಿಂದಲೇ ಆಗತಕ್ಕದ್ದೆಂದೂ, ಎರಡು ದೇಶಗಳ ನಡುವಣ ವಿಷಯಗಳೂ ವಿವಾದಾಸ್ಪದ ವಿಷಯಗಳೂ ಚರ್ಚೆಗೆ ಬರತಕ್ಕದ್ದಲ್ಲವೆಂದೂ ಆ ವಿಧಿ ಹೇಳುತ್ತದೆ. ಗಾತ್ರದಲ್ಲಿಯೂ ಜನಸಂಖ್ಯೆಯಲ್ಲಿಯೂ ಉಳಿದೆಲ್ಲ ಸದಸ್ಯರ ಮೊತ್ತಕ್ಕಿಂತ ಭಾರತವೊಂದೇ ದೊಡ್ಡದಾಗಿರುವ ಕೂಟದಲ್ಲಿ, ಮಾಲ್ಡೀವ್ಸ್ ಮತ್ತು ಭೂತಾನಗಳಂತಹ ಪುಟ್ಟ ರಾಷ್ಟ್ರಗಳಿಗೆ ಇದು ಅಭಯವನ್ನಿತ್ತಿತು. ಆದರೆ ಒಬ್ಬ ಸದಸ್ಯನ ಅಸಮ್ಮತಿಯಿಂದ ಇಡೀ ಸಂಸ್ಥೆ ನಿಲ್ಲುವುದಕ್ಕೂ ಅದೇ ಅವಕಾಶಮಾಡಿಕೊಟ್ಟಿತು. ಮುಂದೆ ಕಂಡುಬರುವ ಬಹುತೇಕ ಸಾಧನೆಗಳು ಈ ವಿಧಿಯ ಹೊರಗೆ, ನೆರೆಹೊರೆಯವರ ಸಣ್ಣ ಒಪ್ಪಂದಗಳಲ್ಲಿ ಸಿದ್ಧಿಸಿದುವೆಂಬುದು ಗಮನಾರ್ಹ.

ವ್ಯಾಪಾರ ಒಪ್ಪಂದಗಳು

ಆರಂಭದ ಹಲವು ವರ್ಷ ವ್ಯಾಪಾರವು ಸಾರ್ಕಿನ ಕಾರ್ಯಕ್ಷೇತ್ರದಲ್ಲಿ ಸೇರಿರಲಿಲ್ಲ. ಆಯ್ದ ಸರಕುಗಳಿಗೆ ಸುಂಕದ ರಿಯಾಯಿತಿ ನೀಡುವ ಸಾಪ್ಟಾ ಒಪ್ಪಂದಕ್ಕೆ 1993ರಲ್ಲಿ ಢಾಕಾದಲ್ಲಿ ಸಹಿಯಾಗಿ, 1995ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂದಿತು. ಅದರ ಸ್ಥಾನದಲ್ಲಿ ವಿಶಾಲತರವಾದ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಪ್ರದೇಶದ ಒಪ್ಪಂದಕ್ಕೆ, ಎಂದರೆ ಸಾಫ್ಟಾಕ್ಕೆ, 2004ರ ಜನವರಿ 6ರಂದು ಇಸ್ಲಾಮಾಬಾದಿನಲ್ಲಿ ಸಹಿಯಾಯಿತು. ಅದು ಊರ್ಜಿತವಾದುದು 2006ರ ಜನವರಿ 1ರಿಂದ. ಸೇವೆಗಳ ವ್ಯಾಪಾರಕ್ಕೆ ಪ್ರತ್ಯೇಕ ಒಪ್ಪಂದ 2010ರಲ್ಲಿ ಥಿಂಫುವಿನಲ್ಲಿ ಏರ್ಪಟ್ಟಿತು. ಸಾಫ್ಟಾಕ್ಕೂ ಮುಂಚೆ, 1998ರ ಡಿಸೆಂಬರಿನಲ್ಲಿ ಭಾರತವೂ ಶ್ರೀಲಂಕೆಯೂ ತಮ್ಮಷ್ಟಕ್ಕೆ ಮುಕ್ತ ವ್ಯಾಪಾರ ಒಪ್ಪಂದವೊಂದನ್ನು ಮಾಡಿಕೊಂಡು 2000ದಿಂದ ಅದನ್ನು ಜಾರಿಗೆ ತಂದಿದ್ದವು.

ದುರ್ಬಲ ರಾಷ್ಟ್ರಗಳಿಗೆ ಪ್ರತ್ಯೇಕ ಉಪಚಾರ ಸಲ್ಲಬೇಕೆಂಬ ತತ್ತ್ವ ಸಾಫ್ಟಾದ ತಿರುಳು. ಭಾರತ, ಪಾಕಿಸ್ತಾನ ಮತ್ತು ಶ್ರೀಲಂಕಾಗಳು ಎರಡು ವರ್ಷಗಳಲ್ಲಿ ತಮ್ಮ ಸುಂಕವನ್ನು ಗರಿಷ್ಠ ಶೇ 20ಕ್ಕೆ ಇಳಿಸಿ, ಅನಂತರ ಐದು ವರ್ಷಗಳಲ್ಲಿ, ಶ್ರೀಲಂಕೆಯಾದರೆ ಆರು ವರ್ಷಗಳಲ್ಲಿ, ಶೂನ್ಯದಿಂದ ಶೇ 5ರ ಮಟ್ಟಕ್ಕೆ ತರಬೇಕಾಗಿತ್ತು. ಬಾಂಗ್ಲಾದೇಶ, ನೇಪಾಳ, ಭೂತಾನ, ಮಾಲ್ಡೀವ್ಸ್ ಎಂಬ ಅತ್ಯಲ್ಪ ಅಭಿವೃದ್ಧಿ ಹೊಂದಿದ ರಾಷ್ಟ್ರಗಳಿಗೆ ಮೊದಲ ಘಟ್ಟದ ಮಿತಿ ಶೇ 30 ಎಂದೂ, ಎರಡನೆಯ ಘಟ್ಟದ ಅವಧಿ ಎಂಟು ವರ್ಷವೆಂದೂ ನಿಗದಿಯಾಯಿತು. ಪ್ರತಿಯೊಂದು ರಾಷ್ಟ್ರವೂ ತನ್ನ ರೈತರನ್ನೂ ಕೈಗಾರಿಕೆಗಳನ್ನೂ ರಕ್ಷಿಸಲು ರಿಯಾಯಿತಿಯ ಹೊರಗಿಡುವ ಸರಕುಗಳ ಸೂಕ್ಷ್ಮಪಟ್ಟಿಯೊಂದನ್ನು ಇಟ್ಟುಕೊಳ್ಳಬಹುದಾಗಿತ್ತು. ಈ ಪಟ್ಟಿಗಳು ಉದ್ದವಾದಷ್ಟೂ ಒಪ್ಪಂದ ಹಗುರವಾಯಿತು. ನೆರೆರಾಷ್ಟ್ರ ನಿಜವಾಗಿ ಮಾರಬಲ್ಲ ಸರಕುಗಳೇ ಬಹುಮಟ್ಟಿಗೆ ಅವುಗಳಲ್ಲಿ ಸೇರಿಕೊಂಡಿದ್ದವು. 2011ರ ನವೆಂಬರಿನಲ್ಲಿ ಮಾಲ್ಡೀವ್ಸ್ ಶೃಂಗಸಭೆಯಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅವರು, ಅತ್ಯಲ್ಪ ಅಭಿವೃದ್ಧಿ ಹೊಂದಿದ ರಾಷ್ಟ್ರಗಳ ಮಟ್ಟಿಗೆ ಭಾರತದ ಪಟ್ಟಿಯನ್ನು 480 ಬಾಬುಗಳಿಂದ 25ಕ್ಕೆ ಇಳಿಸುವುದಾಗಿ ಘೋಷಿಸಿದರು. ಬಾಂಗ್ಲಾದೇಶದ ಸಿದ್ಧ ಉಡುಪುಗಳು ಭಾರತಕ್ಕೆ ಸುಂಕವಿಲ್ಲದೆ ಬರಲು ಇದರಿಂದ ದಾರಿಯಾಯಿತು. ಆ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿರುವವರಲ್ಲಿ ಹೆಂಗಸರೇ ಅಧಿಕ. ಆದುದರಿಂದ ಸುಂಕದ ಒಂದು ಪಟ್ಟಿ ಮೊಟಕಾದುದು ದುಡಿಯುವ ಹೆಂಗಸರಿಗೆ ಸಂಬಂಧಿಸಿದ ವಿಷಯವೂ ಆಯಿತು.

ಇಷ್ಟಾಗಿಯೂ ದಕ್ಷಿಣ ಏಷ್ಯಾದ ರಾಷ್ಟ್ರಗಳು ತಮ್ಮತಮ್ಮೊಳಗೆ ನಡೆಸುವ ವ್ಯಾಪಾರ, ಅವುಗಳ ಒಟ್ಟು ವಿದೇಶೀ ವ್ಯಾಪಾರದ ಶೇ 5ರ ಆಸುಪಾಸಿನಲ್ಲೇ ಉಳಿದಿದೆ. 1967ರಲ್ಲಿ ಸ್ಥಾಪಿತವಾದ ಆಗ್ನೇಯ ಏಷ್ಯಾದ ಆಸಿಯಾನ್ ಕೂಟದಲ್ಲಿ ಈ ಪ್ರಮಾಣ ಸುಮಾರು ಕಾಲುಭಾಗ. ವಿಶ್ವಬ್ಯಾಂಕು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವರ್ಷಕ್ಕೆ 2300 ಕೋಟಿ ಡಾಲರಿನಷ್ಟಿದ್ದ ಅಂತರ್ವ್ಯಾಪಾರ, ಮನುಷ್ಯನಿರ್ಮಿತ ಅಡಚಣೆಗಳು ತೊಲಗಿದರೆ 6700 ಕೋಟಿ ಡಾಲರಿಗೆ ಏರಬಹುದೆಂದು ಅಂದಾಜು ಮಾಡಿತು. ಭಾರತದ ಒಂದು ಸಂಸ್ಥೆಗೆ ನೆರೆಯ ದಕ್ಷಿಣ ಏಷ್ಯಾ ರಾಷ್ಟ್ರದೊಡನೆ ವ್ಯವಹರಿಸುವುದಕ್ಕಿಂತ ಬ್ರೆಜಿಲಿನೊಡನೆ ವ್ಯವಹರಿಸುವುದು ಸುಮಾರು ಶೇ 20ರಷ್ಟು ಅಗ್ಗವೆಂದೂ ಅದು ಹೇಳಿತು. ಗಡಿಯಲ್ಲಿ ಲಾರಿಯಿಂದ ಸರಕನ್ನು ಇಳಿಸಿ ಆಚೆಯ ಲಾರಿಗೆ ಮತ್ತೆ ಹೇರುವುದು, ದಿನಗಟ್ಟಲೆ ಸಾಲಿನಲ್ಲಿ ಕಾಯುವುದು, ಒಂದು ದೇಶದ ಪರೀಕ್ಷಾಪತ್ರವನ್ನು ಇನ್ನೊಂದು ದೇಶ ಒಪ್ಪದಿರುವುದು ಇವೇ ಆ ಅಡಚಣೆಗಳಲ್ಲಿ ಮುಖ್ಯವಾದವು.

ಮೂಲದೇಶ ನಿಯಮಗಳು ಮತ್ತು ಬೆಳೆಗಾರರ ಹಿತ

ರಿಯಾಯಿತಿ ಸುಂಕದಲ್ಲಿ ಬರುವ ಸರಕು ನಿಜವಾಗಿಯೂ ಸದಸ್ಯರಾಷ್ಟ್ರದ್ದೇ ಎಂಬುದನ್ನು ಗೊತ್ತುಮಾಡುವ ನಿಯಮಗಳಿಗೆ ಮೂಲದೇಶ ನಿಯಮಗಳೆಂದು ಹೆಸರು. ಹೊರಗಿನ ಕಚ್ಚಾವಸ್ತುವಿನಿಂದ ತಯಾರಾದ ಸರಕು ಸಾಫ್ಟಾದ ರಿಯಾಯಿತಿಗೆ ಪಾತ್ರವಾಗಬೇಕಾದರೆ ಅದು ಬೇರೊಂದು ಸುಂಕವರ್ಗಕ್ಕೆ ಸೇರುವಷ್ಟು ರೂಪಾಂತರ ಹೊಂದಿರಬೇಕು. ಜೊತೆಗೆ ಅದರ ಬೆಲೆಯಲ್ಲಿ ಕನಿಷ್ಠ ಶೇ 40 ಭಾಗ ಆ ದೇಶದಲ್ಲಿಯೇ ಕೂಡಿರಬೇಕು. ಶ್ರೀಲಂಕೆಗೆ ಈ ಪ್ರಮಾಣ ಶೇ 35, ಅತ್ಯಲ್ಪ ಅಭಿವೃದ್ಧಿ ಹೊಂದಿದ ರಾಷ್ಟ್ರಗಳಿಗೆ ಶೇ 30. ನೆಲದಲ್ಲಿ ಬೆಳೆದ ಪದಾರ್ಥವಾದರೆ ಅದು ಸಂಪೂರ್ಣವಾಗಿ ಆ ದೇಶದ ಬೆಳೆಯಾಗಿರಬೇಕೆಂಬುದು ನಿಯಮ.

ಈ ನಿಯಮದ ಮಹತ್ತ್ವ ಕರ್ನಾಟಕದ ಮಲೆನಾಡಿಗೂ ಕೊಡಗಿಗೂ ಕರಾವಳಿಗೂ ನೇರವಾಗಿ ತಾಗಿದೆ. ಕರಿಮೆಣಸಿಗೆ ಭಾರತದಲ್ಲಿ ಸಾಮಾನ್ಯ ಆಮದು ಸುಂಕ ಶೇ 70 ಇದ್ದಾಗ, ಶ್ರೀಲಂಕೆಯಿಂದ ವರ್ಷಕ್ಕೆ 2500 ಟನ್ನಿನವರೆಗೆ ಸುಂಕವಿಲ್ಲದೆಯೂ ಅದಕ್ಕೂ ಹೆಚ್ಚಿನದನ್ನು ಸಾಫ್ಟಾದ ಮೇರೆಗೆ ಶೇ 8ರ ಸುಂಕದಲ್ಲಿಯೂ ತರಲು ಅವಕಾಶವಿತ್ತು. ಇಷ್ಟು ದೊಡ್ಡ ಅಂತರವಿರುವಲ್ಲಿ, ವಿಯೆಟ್ನಾಮಿನ ಅಗ್ಗದ ಮೆಣಸು ಶ್ರೀಲಂಕೆಯ ಮೂಲಪತ್ರವನ್ನು ಹೊತ್ತು ಭಾರತದ ಮಾರುಕಟ್ಟೆಗೆ ಇಳಿಯುತ್ತಿದೆಯೆಂದು ಬೆಳೆಗಾರರ ಸಂಘಗಳು ದೂರಿದವು. ಧಾರಣೆ ಕುಸಿದು, ಕಾಫಿಯ ತೋಟದ ಮರಗಳಿಗೆ ಮೆಣಸಿನ ಬಳ್ಳಿಯನ್ನು ಹಬ್ಬಿಸಿ ಕಾಫಿಯ ನಷ್ಟವನ್ನು ಮೆಣಸಿನಿಂದ ತುಂಬಿಕೊಳ್ಳುತ್ತಿದ್ದ ಸಣ್ಣ ಹಿಡುವಳಿದಾರನಿಗೆ ಆ ಆಸರೆಯೂ ಸಡಿಲವಾಯಿತು. ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕಿಲೋ ಒಂದಕ್ಕೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯನ್ನು ಗೊತ್ತುಮಾಡಿತು.

ಅಡಕೆಯ ಕಥೆಯೂ ಇದಕ್ಕೆ ಸಮಾನವಾದುದು. ಅದಕ್ಕೆ ವಿಧಿಸಿದ್ದ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿ ಇದ್ದುದನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಲಾಯಿತು. ಅದಕ್ಕೆ ಮುನ್ನ, 2022ರ ಸೆಪ್ಟೆಂಬರಿನಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಕೆಯನ್ನು ಈ ಬೆಲೆಯ ನಿರ್ಬಂಧವಿಲ್ಲದೆ ಪಶ್ಚಿಮ ಬಂಗಾಳದ ಜೈಗಾಂವ್ ಸುಂಕದ ಕಟ್ಟೆಯ ಮೂಲಕ ತರಲು ಅನುಮತಿಯಿತ್ತಾಗ, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಬೆಳೆಗಾರರು ಆತಂಕವನ್ನು ವ್ಯಕ್ತಪಡಿಸಿದರು. ಭೂತಾನದ ದಕ್ಷಿಣದ ತಪ್ಪಲಿನಲ್ಲಿ ಅಡಕೆ ಬೆಳೆಯುವವನೂ ಸಣ್ಣ ರೈತನೇ. ಅವನಿಗೆ ಭಾರತವಲ್ಲದೆ ಬೇರೆ ಮಾರುಕಟ್ಟೆ ಹತ್ತಿರವಿಲ್ಲ. ಒಂದು ಕಡೆಯ ದುರ್ಬಲನಿಗೆ ಕೊಟ್ಟ ರಿಯಾಯಿತಿಯ ಭಾರ ಮತ್ತೊಂದು ಕಡೆಯ ದುರ್ಬಲನ ಮೇಲೆ ಬೀಳುವ ಈ ಸಂದರ್ಭಕ್ಕೆ ಸಾಫ್ಟಾದಲ್ಲಿರುವ ಪರಿಹಾರಗಳು ಅಲ್ಪ: ಆಮದು ಹಠಾತ್ತನೆ ಹೆಚ್ಚಿದಾಗ ರಿಯಾಯಿತಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ರಕ್ಷಣಾವಿಧಿಯೊಂದಿದೆ, ಸುಂಕ ಇಳಿಸುವುದರಿಂದ ರಾಜಸ್ವ ಕಳೆದುಕೊಳ್ಳುವ ಬಡ ರಾಷ್ಟ್ರಗಳ ಸರ್ಕಾರಗಳಿಗೆ ಪರಿಹಾರ ಕೊಡುವ ಏರ್ಪಾಡಿದೆ. ಬೆಲೆ ಕುಸಿತದಿಂದ ನೊಂದ ಬೆಳೆಗಾರನಿಗೆ ಪರಿಹಾರವೊದಗಿಸುವ ಪ್ರಾದೇಶಿಕ ವ್ಯವಸ್ಥೆ ಯಾವುದೂ ಇಲ್ಲ. ಎಲ್ಲರನ್ನೂ ಒಳಗೊಂಡ ಬೆಳವಣಿಗೆಯ ದೃಷ್ಟಿಯಿಂದ ಇದು ಈ ಒಪ್ಪಂದಗಳ ಗುರುತರವಾದ ಕೊರತೆ.

ಗಡಿ ಹಾಟುಗಳು

ಬಂಗಾಳಿಯಲ್ಲಿ ಹಾಟ್ ಎಂದರೆ ಸಂತೆ. ಮೇಘಾಲಯದ ಗಾರೋ ಮತ್ತು ಖಾಸಿ ಬೆಟ್ಟಗಳ ಜನ, ತಮ್ಮ ಕಿತ್ತಳೆ, ವೀಳ್ಯದೆಲೆ, ಅಡಕೆಗಳನ್ನು ಕೆಳಗಿನ ಬಯಲಿನ ಸಂತೆಗಳಿಗೆ ಒಯ್ದು ಮಾರಿ, ಅಕ್ಕಿ ಮೀನುಗಳನ್ನು ಕೊಂಡು ಮರಳುವುದು ಹಿಂದಿನಿಂದ ನಡೆದುಬಂದ ಪದ್ಧತಿ. ವಿಭಜನೆಯಿಂದ ಆ ಸಂತೆಗಳು ಪರದೇಶದ ಪಾಲಾದವು. ಬೆಟ್ಟದ ರೈತನಿಗೆ ಸಮೀಪದ ಮಾರುಕಟ್ಟೆಯೇ ಇಲ್ಲದಂತಾಯಿತು. ಇದಕ್ಕೆ ಪರಿಹಾರವಾಗಿ ಭಾರತ ಮತ್ತು ಬಾಂಗ್ಲಾದೇಶಗಳು 2010ರಲ್ಲಿ ತಿಳಿವಳಿಕೆಪತ್ರವೊಂದಕ್ಕೆ ಒಪ್ಪಿ, 2011ರ ಜುಲೈ 23ರಂದು ಮೇಘಾಲಯದ ಕಲಾಯ್‌ಚಾರ್ ಮತ್ತು ಬಾಂಗ್ಲಾದೇಶದ ಕುರಿಗ್ರಾಮ ಜಿಲ್ಲೆಯ ಬಾಲಿಯಾಮಾರಿಗಳ ನಡುವಣ ಗಡಿಯಲ್ಲಿ ಮೊದಲನೆಯ ಹಾಟನ್ನು ತೆರೆದವು. ಮೇಘಾಲಯದ ಬಾಲಾಟ್, ತ್ರಿಪುರಾದ ಶ್ರೀನಗರ ಮತ್ತು ಕಮಲಾಸಾಗರಗಳಲ್ಲಿ ಇನ್ನು ಕೆಲವು ಅನಂತರ ಆರಂಭವಾದವು.

ಹಾಟಿನ ಆವರಣ ಎರಡೂ ದೇಶಗಳ ಗಡಿರೇಖೆಯ ಮೇಲೆಯೇ ಇರುತ್ತದೆ. ಸುತ್ತ ಬೇಲಿ, ಎರಡು ಕಡೆಗೂ ಒಂದೊಂದು ಬಾಗಿಲು, ಒಳಗೆ ಗೋಡೆಯಿಲ್ಲದ ಚಾವಣಿಯ ಕೆಳಗೆ ಮಾರಾಟಗಾರರ ಕಟ್ಟೆಗಳು. ಹಾಟಿನಿಂದ ಐದು ಕಿಲೋಮೀಟರಿನೊಳಗೆ ವಾಸಿಸುವವರಿಗೆ ಮಾತ್ರ ಗುರುತಿನ ಚೀಟಿಯ ಮೇಲೆ ಪ್ರವೇಶ. ಪಾಸ್‌ಪೋರ್ಟೂ ವೀಸಾವೂ ಬೇಕಿಲ್ಲ, ಸುಂಕವೂ ಇಲ್ಲ. ವಾರದಲ್ಲಿ ಗೊತ್ತಾದ ದಿನ ಸಂತೆ ಸೇರುತ್ತದೆ. ತರಕಾರಿ, ಹಣ್ಣು, ಸಂಬಾರಪದಾರ್ಥ, ಬಿದಿರು, ಪೊರಕೆಕಡ್ಡಿ, ಕೈಮಗ್ಗದ ಗಮ್ಚಾ ಮತ್ತು ಲುಂಗಿ, ನೇಗಿಲು, ಕೊಡಲಿ, ಗುದ್ದಲಿ, ಮಚ್ಚು ಇವೇ ಮೊದಲಾದುವಕ್ಕೆ ಒಪ್ಪಂದದಲ್ಲಿ ಅನುಮತಿಯಿದ್ದು, ಕಾಡಿನ ನಾಟಾವನ್ನು ಹೊರಗಿಡಲಾಗಿದೆ. ರೂಪಾಯಿ ಮತ್ತು ಟಾಕಾ ಎರಡೂ ನಡೆಯುತ್ತವೆ. ಒಬ್ಬ ಗಿರಾಕಿ ಒಂದು ದಿನ ಕೊಳ್ಳಬಹುದಾದ ಮಾಲಿನ ಮಿತಿ ಮೊದಲು 50 ಡಾಲರಿಗೆ ಸಮನಾಗಿದ್ದು, ಕ್ರಮೇಣ 200 ಡಾಲರಿಗೆ ಏರಿತು. ಎರಡು ಕಡೆಯ ಅಧಿಕಾರಿಗಳ ಸಮಿತಿ ಇದನ್ನೆಲ್ಲ ನೋಡಿಕೊಳ್ಳುತ್ತದೆ.

ರಾಷ್ಟ್ರದ ಒಟ್ಟು ವ್ಯಾಪಾರದ ಲೆಕ್ಕದಲ್ಲಿ ಇದರ ಮೊತ್ತ ತೀರ ಅಲ್ಪ. ಆದರೆ ರಾಜಧಾನಿಯಲ್ಲಿ ಕಚೇರಿಯಾಗಲಿ ರಫ್ತಿನ ಪರವಾನಗಿಯಾಗಲಿ ಇಲ್ಲದ, ತಲೆಯ ಮೇಲಿನ ಬುಟ್ಟಿಯೇ ಸಮಸ್ತ ಬಂಡವಾಳವಾಗಿರುವ ಮನುಷ್ಯನು ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ನೇರವಾಗಿ ಪಾಲ್ಗೊಳ್ಳುವುದು ಇಲ್ಲಿ ಮಾತ್ರವೇ. ಕಳ್ಳಸಾಗಣೆಯ ದಾರಿಯಲ್ಲಿ ದಲ್ಲಾಳಿಗೆ ಸೇರುತ್ತಿದ್ದ ಲಾಭ ಬೆಳೆದವನ ಕೈಸೇರಿತು. ಕಾವಲುಪಡೆಗಳಿಗೂ ಹಳ್ಳಿಗರಿಗೂ ಇದ್ದ ಸಂಶಯ ತಗ್ಗಿತು. ಬೇಲಿಯ ಎರಡು ಬದಿಗೆ ಹಂಚಿಹೋದ ಬಂಧುಗಳಿಗೆ ಭೇಟಿಯಾಗಲು ಸ್ಥಳವೊಂದು ದೊರಕಿತು. 2020ರ ಮಾರ್ಚಿನಲ್ಲಿ ಕೋವಿಡ್ ವ್ಯಾಧಿಯ ಕಾರಣದಿಂದ ಹಾಟುಗಳು ಮುಚ್ಚಿದಾಗ ಗಡಿಯ ಹಳ್ಳಿಗಳ ನಗದು ಆದಾಯಕ್ಕೆ ದೊಡ್ಡ ಪೆಟ್ಟು ಬಿದ್ದಿತು.

ವಿದ್ಯುತ್ ಸಹಕಾರ

ಹಿಮಾಲಯದ ನದಿಗಳ ಜಲಶಕ್ತಿ ನೇಪಾಳ ಭೂತಾನಗಳಲ್ಲಿಯೂ, ವಿದ್ಯುತ್ತಿನ ಬೇಡಿಕೆ ಗಂಗಾ ಬಯಲಿನಲ್ಲಿಯೂ ಇರುವುದರಿಂದ ಈ ಕ್ಷೇತ್ರದ ಸಹಕಾರಕ್ಕೆ ಪ್ರಕೃತಿಯೇ ತಳಹದಿಯನ್ನು ಒದಗಿಸಿದೆ. 1974ರ ಒಪ್ಪಂದದ ಮೇರೆಗೆ ಭಾರತ ಶೇ 60 ಭಾಗ ಅನುದಾನವಾಗಿಯೂ ಶೇ 40 ಭಾಗ ಸಾಲವಾಗಿಯೂ ಹಣ ಒದಗಿಸಿ ಭೂತಾನದಲ್ಲಿ ಕಟ್ಟಿಸಿದ 336 ಮೆಗಾವಾಟಿನ ಚುಖಾ ವಿದ್ಯುದಾಗಾರ ಮುಂದಿನವಕ್ಕೆಲ್ಲ ಮಾದರಿಯಾಯಿತು. ಸ್ವಂತ ಬಳಕೆಗೆ ಬೇಕಾದುದನ್ನು ಇಟ್ಟುಕೊಂಡು ಭೂತಾನ ಉಳಿದುದನ್ನು ಭಾರತಕ್ಕೆ ಮಾರುತ್ತದೆ. ಕುರಿಛು, 1020 ಮೆಗಾವಾಟಿನ ತಾಲಾ, 2019ರಲ್ಲಿ ಮುಗಿದ 720 ಮೆಗಾವಾಟಿನ ಮಂಗ್ದೆಛು ಇದೇ ಸಾಲಿನವು. ಮಾರಾಟದ ಹಣ ಭೂತಾನದ ಶಾಲೆ ಆಸ್ಪತ್ರೆಗಳಿಗೆ ಆಧಾರವಾಯಿತು. ಹಳ್ಳಿಗಳ ಕುಟುಂಬಗಳಿಗೆ ತಿಂಗಳಿಗೆ ಮೊದಲ 100 ಯೂನಿಟ್ಟನ್ನು ಉಚಿತವಾಗಿ ಕೊಡುವ ಕ್ರಮವೂ ಈ ಬಲದಿಂದಲೇ ಸಾಧ್ಯವಾಯಿತು. ಇದರ ಇನ್ನೊಂದು ಪಾರ್ಶ್ವವನ್ನೂ ಹೇಳಬೇಕು: ಪುನಾತ್ಸಾಂಗ್‌ಛು ಮೊದಲನೆಯ ಯೋಜನೆ ಗುಡ್ಡದ ಇಳಿಜಾರಿನ ಕುಸಿತದಿಂದ ವರ್ಷಾನುವರ್ಷ ವಿಳಂಬವಾಗಿ ಅದರ ವೆಚ್ಚ ಹಲವು ಪಟ್ಟು ಬೆಳೆಯಿತು, ಭೂತಾನದ ವಿದೇಶೀ ಸಾಲದಲ್ಲಿ ಜಲವಿದ್ಯುತ್ ಯೋಜನೆಗಳದೇ ದೊಡ್ಡ ಪಾಲು. ನದಿಗಳು ಸೊರಗುವ ಚಳಿಗಾಲದಲ್ಲಿ ಆ ದೇಶವೇ ಭಾರತದಿಂದ ವಿದ್ಯುತ್ತನ್ನು ಕೊಳ್ಳುತ್ತದೆ.

ಭಾರತದ ಬಹರಾಂಪುರದಿಂದ ಬಾಂಗ್ಲಾದೇಶದ ಭೇಡಾಮಾರಾಕ್ಕೆ 2013ರಲ್ಲಿ 500 ಮೆಗಾವಾಟಿನ ಸಂಪರ್ಕ ಏರ್ಪಟ್ಟು, ಮುಂದೆ ಅದು ಇಮ್ಮಡಿಯಾಯಿತು. ನೇಪಾಳದ ಧಲ್ಕೇಬರ್ ಮತ್ತು ಬಿಹಾರದ ಮುಜಫ್ಫರಪುರಗಳ ನಡುವಣ ತಂತಿಮಾರ್ಗ 2016ರಲ್ಲಿ ಚಾಲನೆಗೆ ಬಂದುದು, ದಿನಕ್ಕೆ ಹಲವು ಗಂಟೆಗಳ ಕತ್ತಲೆಯನ್ನು ಅನುಭವಿಸುತ್ತಿದ್ದ ಕಾಠ್ಮಂಡುವಿಗೆ ಅದರಿಂದ ಬಿಡುಗಡೆ ಪಡೆಯಲು ನೆರವಾಯಿತು; 2021ರಿಂದ ನೇಪಾಳವೇ ಮಳೆಗಾಲದ ಹೆಚ್ಚುವರಿಯನ್ನು ಭಾರತದ ವಿದ್ಯುತ್ ಮಾರುಕಟ್ಟೆಯಲ್ಲಿ ಮಾರುತ್ತಿದೆ. 2024ರ ಜನವರಿಯಲ್ಲಿ, ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ವಿದ್ಯುತ್ತನ್ನು ಭಾರತ ಕೊಳ್ಳುವ ಒಪ್ಪಂದಕ್ಕೆ ಸಹಿಯಾಯಿತು. ಅದೇ ವರ್ಷದ ಅಕ್ಟೋಬರ್ 3ರಂದು ನೇಪಾಳ, ಭಾರತ, ಬಾಂಗ್ಲಾದೇಶಗಳು ಮಾಡಿಕೊಂಡ ತ್ರಿಪಕ್ಷೀಯ ಒಪ್ಪಂದದಂತೆ, ನೇಪಾಳದ 40 ಮೆಗಾವಾಟ್ ವಿದ್ಯುತ್ತು ಭಾರತದ ತಂತಿಗಳ ಮೂಲಕ ಹಾದು, ಯೂನಿಟ್ಟಿಗೆ 6.4 ಅಮೆರಿಕನ್ ಸೆಂಟಿನ ದರದಲ್ಲಿ, ವರ್ಷವರ್ಷವೂ ಜೂನ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಬಾಂಗ್ಲಾದೇಶವನ್ನು ಸೇರಬೇಕು. ಪರಿಮಾಣ ಸಣ್ಣದು, ಆದರೆ ಗಡಿ ತಾಗದ ಎರಡು ರಾಷ್ಟ್ರಗಳು ಮೂರನೆಯದರ ಜಾಲದ ಮೂಲಕ ವಿದ್ಯುತ್ತನ್ನು ಮಾರಿ ಕೊಂಡದ್ದು ದಕ್ಷಿಣ ಏಷ್ಯಾದಲ್ಲಿ ಇದೇ ಮೊದಲು.

ಸಾರಿಗೆ ಮತ್ತು ಹಾದಿಹಕ್ಕು

ನೇಪಾಳ, ಭೂತಾನ, ಆಫ್ಘಾನಿಸ್ತಾನಗಳಿಗೆ ಸಮುದ್ರವಿಲ್ಲ. ನೇಪಾಳದ ಹೊರದೇಶದ ಸರಕು ಕೋಲ್ಕತ್ತಾ ಮತ್ತು ವಿಶಾಖಪಟ್ಟಣ ಬಂದರುಗಳಲ್ಲಿ ಇಳಿದು ರೈಲಿನಲ್ಲಿ ಬಿರ್‌ಗಂಜಿನ ಒಣಬಂದರಿಗೆ ಹೋಗುತ್ತದೆ. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜಿಗೆ 69 ಕಿಲೋಮೀಟರ್ ಉದ್ದದ ತೈಲಕೊಳವೆ 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ಮೇಲೆ, ಟ್ಯಾಂಕರುಗಳ ಸಾಲನ್ನೇ ನೆಚ್ಚಿಕೊಂಡಿದ್ದ ಆ ದೇಶದ ಇಂಧನ ಪೂರೈಕೆ ಸುಗಮವಾಯಿತು.

ಹಾದಿಯ ಕೊರತೆ ಒಂದು ರಾಷ್ಟ್ರದ ಭಾಗಕ್ಕೂ ಉಂಟಾಗಬಹುದೆಂಬುದಕ್ಕೆ ಭಾರತದ ಈಶಾನ್ಯ ರಾಜ್ಯಗಳೇ ನಿದರ್ಶನ. ಅಗರ್ತಲಾದಿಂದ ಕೋಲ್ಕತ್ತಾಕ್ಕೆ ಸಿಲಿಗುರಿಯನ್ನು ಸುತ್ತಿ ಹೋದರೆ ಸುಮಾರು 1650 ಕಿಲೋಮೀಟರ್. ಬಾಂಗ್ಲಾದೇಶವನ್ನು ಹಾದು ಹೋದರೆ ಅದರ ಮೂರನೆಯ ಒಂದು ಭಾಗ. ತ್ರಿಪುರಾದ ದಕ್ಷಿಣ ತುದಿಯ ಸಬ್ರೂಮಿನಲ್ಲಿ ಫೇನಿ ನದಿಗೆ ಕಟ್ಟಿದ ಮೈತ್ರೀ ಸೇತುವೆಯನ್ನು 2021ರ ಮಾರ್ಚ್ 9ರಂದು ಉದ್ಘಾಟಿಸಲಾಯಿತು. ಅಲ್ಲಿಂದ ಚಿತ್ತಗಾಂಗ್ ಬಂದರು ಸುಮಾರು 80 ಕಿಲೋಮೀಟರ್ ಮಾತ್ರ. ಭೂತಾನ, ಬಾಂಗ್ಲಾದೇಶ, ಭಾರತ, ನೇಪಾಳಗಳು 2015ರ ಜೂನ್ 15ರಂದು ಥಿಂಫುವಿನಲ್ಲಿ ಸಹಿ ಹಾಕಿದ ಮೋಟಾರು ವಾಹನ ಒಪ್ಪಂದದ ಉದ್ದೇಶ, ಒಂದು ದೇಶದ ಲಾರಿ ಬಸ್ಸುಗಳು ಗಡಿಯಲ್ಲಿ ಸರಕು ಇಳಿಸದೆ ಇನ್ನೊಂದು ದೇಶದಲ್ಲಿ ಸಂಚರಿಸಬೇಕೆಂಬುದು. ಇದನ್ನು ಭೂತಾನದ ಸಂಸತ್ತಿನ ಮೇಲ್ಮನೆ 2016ರಲ್ಲಿ ತಿರಸ್ಕರಿಸಿತು. ಹೊರಗಿನ ವಾಹನಗಳ ದಟ್ಟಣೆಯಿಂದ ತಮ್ಮ ಪುಟ್ಟ ಗುಡ್ಡಗಾಡಿನ ಪರಿಸರಕ್ಕೂ ಸ್ಥಳೀಯ ಲಾರಿ ಮಾಲೀಕರ ಜೀವನೋಪಾಯಕ್ಕೂ ಹಾನಿಯಾದೀತೆಂಬ ಅಲ್ಲಿಯ ಆತಂಕ ಗೌರವಕ್ಕೆ ಅರ್ಹವಾದುದು. ತನ್ನನ್ನು ಬಿಟ್ಟು ಉಳಿದ ಮೂರು ರಾಷ್ಟ್ರಗಳು ಮುಂದುವರಿಯಬಹುದೆಂದು ಭೂತಾನ ಮರುವರ್ಷ ತಿಳಿಸಿತು.

ಹಣಕಾಸು, ಆಹಾರ ಮತ್ತು ಸಮಾಜಕಲ್ಯಾಣ

1991ರ ಕೊಲಂಬೋ ಶೃಂಗಸಭೆ ಬಡತನ ನಿವಾರಣೆಗಾಗಿ ಒಂದು ಸ್ವತಂತ್ರ ಆಯೋಗವನ್ನು ನೇಮಿಸಿತು. ಅದರ ವರದಿಯನ್ನು ಅಂಗೀಕರಿಸಿ, 2002ರೊಳಗೆ ಬಡತನವನ್ನು ತೊಡೆದುಹಾಕಬೇಕೆಂದು 1993ರ ಢಾಕಾ ಸಭೆ ಸಂಕಲ್ಪಿಸಿತಾದರೂ ಆ ಗುರಿ ಕೈಗೂಡಲಿಲ್ಲ. 2004ರ ಸಾಮಾಜಿಕ ಸನ್ನದು ಆರೋಗ್ಯ, ಶಿಕ್ಷಣ, ಸ್ತ್ರೀಯರ ಸ್ಥಾನಮಾನಗಳ ಬಗ್ಗೆ ಸದಸ್ಯರನ್ನು ನೈತಿಕವಾಗಿ ಬದ್ಧಗೊಳಿಸಿತು. ಥಿಂಫುವಿನಲ್ಲಿ ಕಚೇರಿಯುಳ್ಳ ಸಾರ್ಕ್ ಅಭಿವೃದ್ಧಿ ನಿಧಿ 2010ರಿಂದ ಸಾಮಾಜಿಕ, ಆರ್ಥಿಕ, ಮೂಲಸೌಕರ್ಯ ಎಂಬ ಮೂರು ವಿಭಾಗಗಳಲ್ಲಿ ಹಣ ಒದಗಿಸುತ್ತದೆ. ಮನೆಯಲ್ಲಿ ಕುಳಿತು ಕಸೂತಿ, ನೇಯ್ಗೆ, ಆಹಾರಸಂಸ್ಕರಣಗಳಲ್ಲಿ ತೊಡಗಿದ ಹೆಂಗಸರನ್ನು ಸಂಘಟಿಸಿ, ಅವರ ಮಾಲಿಗೆ ಮಾರುಕಟ್ಟೆ ಒದಗಿಸುವ ಸಬಾಹ್ ಸಂಘಗಳಿಗೆ ಈ ನಿಧಿ ನೆರವಾಯಿತು. ದುಡಿಯುವ ಹೆಂಗಸರ ಸಂಘವಾದ ಅಹಮದಾಬಾದಿನ ‘ಸೇವಾ’ದ ಅನುಭವ ಇದಕ್ಕೆ ಮಾರ್ಗದರ್ಶಕವಾಗಿತ್ತು.

ಬರಗಾಲಕ್ಕೆಂದು 1987ರಲ್ಲಿ ಗೊತ್ತುಮಾಡಿದ ಸುಮಾರು ಎರಡು ಲಕ್ಷ ಟನ್ನಿನ ಆಹಾರ ಸಂಚಯ, ಅದನ್ನು ಪಡೆಯುವ ನಿಯಮಗಳು ಕ್ಲಿಷ್ಟವಾಗಿದ್ದುದರಿಂದ ನಿರುಪಯುಕ್ತವಾಗಿ ಉಳಿಯಿತು. ಅದರ ಬದಲಿಗೆ 2007ರಲ್ಲಿ ಸಾರ್ಕ್ ಆಹಾರ ಬ್ಯಾಂಕನ್ನು ಏರ್ಪಡಿಸಲಾಯಿತು. ವಿದೇಶೀ ವಿನಿಮಯದ ಬಿಕ್ಕಟ್ಟಿಗೆ ಒಳಗಾದ ನೆರೆರಾಷ್ಟ್ರಗಳಿಗೆ ಭಾರತೀಯ ರಿಸರ್ವ್ ಬ್ಯಾಂಕು ತಾತ್ಕಾಲಿಕವಾಗಿ ಹಣ ಒದಗಿಸುವ ಕರೆನ್ಸಿ ವಿನಿಮಯ ವ್ಯವಸ್ಥೆ 2012ರ ನವೆಂಬರಿನಿಂದ ಜಾರಿಯಲ್ಲಿದೆ. 2022ರಲ್ಲಿ ಶ್ರೀಲಂಕೆಯಲ್ಲಿ ಔಷಧ, ಇಂಧನ, ಅಡಿಗೆ ಅನಿಲಗಳಿಗೆ ಜನ ಬೀದಿಯಲ್ಲಿ ಸಾಲುಗಟ್ಟಿ ನಿಂತ ಕಾಲದಲ್ಲಿ, ಈ ವ್ಯವಸ್ಥೆಯೂ ಸೇರಿ ಭಾರತದಿಂದ ಆ ದೇಶಕ್ಕೆ ದೊರೆತ ನೆರವು ಸುಮಾರು 400 ಕೋಟಿ ಡಾಲರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ 2017ರ ಮೇ 5ರಂದು ಹಾರಿಸಿದ ದಕ್ಷಿಣ ಏಷ್ಯಾ ಉಪಗ್ರಹ, ಪಾಕಿಸ್ತಾನವನ್ನುಳಿದ ನೆರೆಯವರಿಗೆ ಸಂಪರ್ಕ ಸೌಲಭ್ಯವನ್ನು ಉಚಿತವಾಗಿ ಒದಗಿಸುತ್ತದೆ.

ಇಂದಿನ ಸ್ಥಿತಿ

ಸಾರ್ಕಿನ ಹದಿನೆಂಟನೆಯ ಶೃಂಗಸಭೆ 2014ರ ನವೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ನಡೆಯಿತು. ವಿದ್ಯುತ್ ಸಹಕಾರದ ಒಪ್ಪಂದಕ್ಕೆ ಅಲ್ಲಿ ಸಹಿಯಾಯಿತಾದರೂ ವಾಹನ ಮತ್ತು ರೈಲುಗಳ ಒಪ್ಪಂದಗಳಿಗೆ ಪಾಕಿಸ್ತಾನದ ಸಮ್ಮತಿ ದೊರೆಯಲಿಲ್ಲ. ಇಸ್ಲಾಮಾಬಾದಿನಲ್ಲಿ 2016ರಲ್ಲಿ ನಡೆಯಬೇಕಾಗಿದ್ದ ಹತ್ತೊಂಬತ್ತನೆಯ ಸಭೆ, ಉರಿಯ ಸೇನಾನೆಲೆಯ ಮೇಲೆ ಭಯೋತ್ಪಾದಕರ ಆಕ್ರಮಣವಾದ ಬಳಿಕ ಭಾರತವೂ ಇತರ ಕೆಲವು ರಾಷ್ಟ್ರಗಳೂ ಹಿಂದೆಗೆದುದರಿಂದ ನಿಂತುಹೋಯಿತು. 2019ರಿಂದ ಭಾರತ ಪಾಕಿಸ್ತಾನಗಳ ನಡುವಣ ವಾಣಿಜ್ಯ ಬಹುಮಟ್ಟಿಗೆ ಸ್ಥಗಿತವಾಗಿತ್ತು. 2025ರ ಏಪ್ರಿಲಿನ ಪಹಲ್ಗಾಮ್ ಹತ್ಯಾಕಾಂಡದ ಅನಂತರ ಅಟಾರಿಯ ಗಡಿ ತಪಾಸಣಾ ಠಾಣೆಯೂ ಮುಚ್ಚಿತು. ಅಲ್ಲಿ ಸರಕು ಹೊರುತ್ತಿದ್ದ ಕೂಲಿಗಳೂ ಲಾರಿ ಚಾಲಕರೂ ಇಂತಹ ಪ್ರತಿಯೊಂದು ನಿಲುಗಡೆಯ ಮೊದಲ ಏಟನ್ನು ತಿನ್ನುವವರು.

ಈ ಸ್ತಂಭನದ ಕಾಲದಲ್ಲಿ ಬಂಗಾಳಕೊಲ್ಲಿಯ ಸುತ್ತಣ ರಾಷ್ಟ್ರಗಳ ಬಿಮ್‌ಸ್ಟೆಕ್ ಕೂಟಕ್ಕೆ ಪ್ರಾಮುಖ್ಯ ಬಂದಿತು. 1997ರಲ್ಲಿ ಬ್ಯಾಂಕಾಕಿನಲ್ಲಿ ಸ್ಥಾಪಿತವಾದ ಇದರಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ, ಮ್ಯಾನ್ಮಾರ್, ನೇಪಾಳ, ಶ್ರೀಲಂಕಾ, ಥಾಯ್ಲೆಂಡುಗಳಿವೆ, ಸಚಿವಾಲಯ ಢಾಕಾದಲ್ಲಿದೆ, 2022ರಲ್ಲಿ ಅಂಗೀಕೃತವಾದ ಅದರ ಸನ್ನದು 2024ರ ಮೇ 20ರಂದು ಜಾರಿಗೆ ಬಂದಿತು. 2025ರ ಏಪ್ರಿಲಿನ ಬ್ಯಾಂಕಾಕ್ ಶೃಂಗಸಭೆಯಲ್ಲಿ ಕಡಲಸಾರಿಗೆ ಸಹಕಾರದ ಒಪ್ಪಂದಕ್ಕೆ ಸಹಿಯಾಯಿತು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಆಶ್ರಯದಲ್ಲಿ 2001ರಿಂದ ನಡೆಯುತ್ತಿರುವ ಸಾಸೆಕ್ ಕಾರ್ಯಕ್ರಮ ರಸ್ತೆ ಮತ್ತು ವಿದ್ಯುತ್ ಜಾಲಗಳಿಗೆ ಬಂಡವಾಳ ಒದಗಿಸುತ್ತಿದೆ.

ಬಾಂಗ್ಲಾದೇಶದಲ್ಲಿ 2024ರ ಆಗಸ್ಟಿನಲ್ಲಿ ಸರ್ಕಾರ ಬದಲಾದ ತರುವಾಯ ಭಾರತದೊಡನೆ ಅದರ ಸಂಬಂಧ ಬಿಗಡಾಯಿಸಿತು. ಭಾರತದ ಬಂದರು ಮತ್ತು ವಿಮಾನನಿಲ್ದಾಣಗಳ ಮೂಲಕ ಮೂರನೆಯ ದೇಶಗಳಿಗೆ ಸರಕು ಕಳುಹಿಸಲು ಆ ದೇಶಕ್ಕಿದ್ದ ಸೌಲಭ್ಯವನ್ನು ಭಾರತ 2025ರ ಏಪ್ರಿಲಿನಲ್ಲಿ ಹಿಂದೆಗೆದುಕೊಂಡು, ಮರುತಿಂಗಳು ಅಲ್ಲಿಯ ಸಿದ್ಧ ಉಡುಪುಗಳು ನೆಲಮಾರ್ಗದಿಂದ ಬರುವುದನ್ನು ತಡೆಯಿತು. ಹೀಗಿದ್ದೂ ನೇಪಾಳದಿಂದ ಬಾಂಗ್ಲಾದೇಶಕ್ಕೆ ಭಾರತದ ಮೂಲಕ ಹರಿಯುವ 40 ಮೆಗಾವಾಟ್ ವಿದ್ಯುತ್ತು ಅದೇ ವರ್ಷದ ಜೂನ್ 15ರಿಂದ ಒಪ್ಪಂದದಂತೆಯೇ ಹರಿಯಲಾರಂಭಿಸಿತು.

ಮಾಲ್ಡೀವ್ಸ್ 2011ರಲ್ಲಿಯೂ ಭೂತಾನ 2023ರ ಡಿಸೆಂಬರಿನಲ್ಲಿಯೂ ಅತ್ಯಲ್ಪ ಅಭಿವೃದ್ಧಿ ಹೊಂದಿದ ರಾಷ್ಟ್ರಗಳ ವರ್ಗದಿಂದ ಮೇಲೇರಿದವು. ಮಾಲ್ಡೀವ್ಸಿಗೆ ಆ ವರ್ಗದ ರಿಯಾಯಿತಿಗಳು ಅನಂತರವೂ ಮುಂದುವರಿಯತಕ್ಕದ್ದೆಂದು ಸಾಫ್ಟಾದ ಹನ್ನೆರಡನೆಯ ವಿಧಿಯಲ್ಲಿ ಮೊದಲೇ ಬರೆಯಲಾಗಿತ್ತು. ಇತರ ರಾಷ್ಟ್ರಗಳಿಗೆ ಅಂತಹ ವಿಧಿಯಿಲ್ಲದಿರುವುದರಿಂದ, ಅವುಗಳ ರಿಯಾಯಿತಿಗಳ ಮುಂದುವರಿಕೆ ನೆರೆಯವರೊಡನೆ ನಡೆಸುವ ಪ್ರತ್ಯೇಕ ಮಾತುಕತೆಗಳನ್ನು ಅವಲಂಬಿಸಿದೆ.